‘ನಾನು’ ಎಂದು ಶುರುವಾಗುವ ಸಾಲುಗಳು

ಶುಕ್ರವಾರ, ಸಂಜೆ

ಮನೆಯಲ್ಲಿಲ್ಲದ ಮನೆಯವರಿಗೆ,

ಗಾಬರಿಯಾಗಬೇಡಿ, ಇದು ವಕೀಲರ ಕಡೆಯ ಕಾಗದವಲ್ಲ. ಆಫೀಸಿನ ಕೆಲಸಕ್ಕಾಗಿ ಬರೆಯುತ್ತಿದ್ದೇನೆ. ಅತ್ತೆಯ ಕೊನೆಯ ದಿನಗಳ ಬಗ್ಗೆ ನೀವು ಬರೆದದ್ದು ನಮ್ಮ ಶಾಲಾ ಪಠ್ಯಪುಸ್ತಕಕ್ಕೆ ಆಯ್ಕೆಯಾಗಿದೆ. ತಿದ್ದುವ ಪಾಳಿ ನನ್ನದೇ ಬಂತು. ಬೇರೆಯವರಿಗೆ ಕೊಡಿ ಅನ್ನಬಹುದಿತ್ತು, ಅನ್ನಲಿಲ್ಲ. ಕರಡು ಇದರ ಜೊತೆಗಿದೆ. ನೀವು ಒಪ್ಪಿ ಸಹಿ ಹಾಕಿದರೆ ಮಾತ್ರ ಅಚ್ಚಿಗೆ ಹೋಗುತ್ತದೆ.

ನಮ್ಮ ಆಫೀಸಿನ ಗೋಡೆಯ ಮೇಲೆ ಮೇಷ್ಟ್ರು ಅಂಟಿಸಿದ ನಿಯಮಗಳ ಹಾಳೆಯೊಂದಿದೆ. ಮೇಷ್ಟ್ರು ಎಂದರೆ ನಮ್ಮ ವಿಭಾಗದ ಮುಖ್ಯಸ್ಥರು. ಅವರು ಶಾಲೆ ಬಿಟ್ಟರೂ ಶಾಲೆ ಅವರನ್ನು ಬಿಟ್ಟಿಲ್ಲ. ‘ಆದರೆ’ ಎಂದು ವಾಕ್ಯ ಶುರು ಮಾಡಬಾರದು. ‘ಮತ್ತು’ ಅಂತೂ ಕೂಡದು. ಒಂದರ ಹಿಂದೊಂದು ವಾಕ್ಯ ಒಂದೇ ಪದದಿಂದ ಹೊರಡಬಾರದು. ನಿಮ್ಮ ಎರಡನೇ ಪುಟ ನೋಡಿದರೆ: ‘ನಾನು ಅಮ್ಮನಿಗೆ ಚಮಚದಲ್ಲಿ ನೀರು ಕುಡಿಸಿದೆ. ನಾನು ಬೆನ್ನು ಒರೆಸಿದೆ. ನಾನು ಹಾಸಿಗೆ ಬದಲಿಸಿದೆ. ನಾನು ನಿದ್ದೆಗೆಟ್ಟು ಕೂತೆ.’

ಅಲ್ಲಾ, ನೀವೆಲ್ಲಿದ್ದಿರಿ ಆಗ? ನೀರು ಕುಡಿಸಿದವಳು ನಾನು. ಅದನ್ನೆಲ್ಲ ಆಮೇಲೆ ನಿಮಗೆ ಫೋನಿನಲ್ಲಿ ಹೇಳಿದವಳೂ ನಾನೇ. ನನ್ನ ಮೇಲಿನ ಸಿಟ್ಟು ಹೊತ್ತುಕೊಂಡು ಊರು ಬಿಟ್ಟ ನೀವು ಮರಳಿ ಬಂದದ್ದು ಎಲ್ಲ ಮುಗಿದ ಮೇಲೆ, ಅದೂ ತಿಥಿ ಮುಗಿಸಿ ಮತ್ತೆ ಹೊರಡಲು. ಕಥೆ ಎಂದಿದ್ದರೆ ಸುಮ್ಮನಿರುತ್ತಿದ್ದೆ. ತಲೆಬರಹದ ಕೆಳಗೆ ‘ನೆನಪು’ ಎಂದು ಬರೆದಿದ್ದೀರಿ. ನನಗೆ ಹೊಟ್ಟೆ ಉರಿದುಹೋಯಿತು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಿಯಮದ ಹೆಸರು ಹೇಳಿ ನಿಮ್ಮ ‘ನಾನು’ಗಳನ್ನು ಒಂದೊಂದಾಗಿ ಕಿತ್ತೆ. ‘ಅಮ್ಮನಿಗೆ ನೀರು ಕುಡಿಸಲಾಯಿತು. ಹಾಸಿಗೆಯನ್ನು ಬದಲಿಸಲಾಯಿತು.’ ನನಗೆ ಸಿಗದ ಹೆಸರು ನಿಮಗೂ ಸಿಗದಿರಲಿ ಎಂದುಕೊಂಡೆ. ಕೆಂಪು ಶಾಯಿಗೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ.

ಕೊನೆಯ ಕರಡನ್ನು ನಮ್ಮಲ್ಲಿ ಒಬ್ಬರು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಸಾಲಿನ ಮೇಲೆ ಬೆರಳಿಟ್ಟು ನೋಡಬೇಕು. ಮೇಷ್ಟ್ರೇ ಓದಲು ಕೂತರು. ‘ಬೆನ್ನನ್ನು ಒರೆಸಲಾಯಿತು, ಪೂರ್ಣವಿರಾಮ’ ಎಂದವರು ಅಲ್ಲೇ ನಿಂತರು. “ಅಲ್ಲಮ್ಮಾ, ಒರೆಸಿದ್ದು ಯಾರು? ಪುರಸಭೆಯವರಾ?” ಎಂದು ಕೇಳಿದರು. ಪಕ್ಕದ ಮೇಜಿನವರು ನಕ್ಕರು. ನಾನು ಸಾಲಿನ ಮೇಲಿಂದ ಬೆರಳು ತೆಗೆದೆ.

ಊಟದ ಬಿಡುವಿನಲ್ಲಿ ಕಪಾಟಿನ ಮುಂದೆ ನಿಂತು, ನಾವಿಬ್ಬರೂ ಮೆಚ್ಚಿ ಓದಿದವರ ಪುಸ್ತಕಗಳನ್ನೇ ಇಳಿಸಿದೆ. ವಾಕ್ಯಗಳ ಮೊದಲ ಪದವನ್ನಷ್ಟೇ ನೋಡುತ್ತಾ ಹೋದೆ. ಒಬ್ಬರೂ ಮೇಷ್ಟ್ರ ಮಾತು ಕೇಳಿದವರಲ್ಲ! ‘ಆದರೆ’ ಎಂದು ಅಧ್ಯಾಯವನ್ನೇ ಶುರು ಮಾಡಿದವರಿದ್ದಾರೆ. ಒಂದೇ ಪದವನ್ನು ಸಾಲುಸಾಲಾಗಿ ಇಟ್ಟವರಿದ್ದಾರೆ. ಆ ಪದ ತೆಗೆದರೆ ಅಲ್ಲಿರುವ ದುಃಖವೂ ಹೋಗುತ್ತದೆ. ಪುಸ್ತಕಗಳನ್ನು ಮೇಷ್ಟ್ರ ಮುಂದೆ ಹರಡಿದೆ. ಅವರೇನೂ ವಾದ ಮಾಡಲಿಲ್ಲ. “ಗೊತ್ತಮ್ಮ. ಮಕ್ಕಳು ಪ್ರತಿ ವಾಕ್ಯಕ್ಕೂ ‘ಆಮೇಲೆ, ಆಮೇಲೆ’ ಅಂತ ಬರೀತಿದ್ರು. ತಿದ್ದೀ ತಿದ್ದೀ ಸಾಕಾಗಿ ಈ ಹಾಳೆ ಬರೆದೆ. ಬರೆಯೋಕೆ ಬರೋರಿಗಲ್ಲ ಅದು. ನಿಮಗೆ ಸರಿ ಕಂಡದ್ದು ಮಾಡಿ” ಎಂದು ಡಬ್ಬಿ ತೊಳೆಯಲು ಎದ್ದರು.

ನಿಮ್ಮ ಆ ನಾಲ್ಕು ಸಾಲು ಚೆನ್ನಾಗಿವೆ. ಅದೇ ನನ್ನ ಸಂಕಟ. ನೀವು ಪಡದ ದಣಿವು ಅವುಗಳಲ್ಲಿ ಇದ್ದ ಹಾಗೇ ಬಂದಿದೆ. ನಾನು ಫೋನಿನಲ್ಲಿ ಹೇಳಿದ್ದನ್ನು ಇಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದಿರಿ ಎಂದು ಗೊತ್ತೇ ಇರಲಿಲ್ಲ. ಸಾಕಾಗಿದೆ ಕಣ್ರೀ, ಜಗಳಕ್ಕೂ ತ್ರಾಣವಿಲ್ಲ. ‘ನಾನು’ಗಳನ್ನೆಲ್ಲ ಮೊದಲಿದ್ದಲ್ಲೇ ಇಟ್ಟಿದ್ದೇನೆ. ತಿದ್ದುವವಳಾಗಿ ಒಪ್ಪಿದ್ದೇನೆ, ಹೆಂಡತಿಯಾಗಿ ಇಲ್ಲ. ಮಕ್ಕಳು ಇದನ್ನು ನಿಜವೆಂದೇ ಓದುತ್ತಾರೆ. ಸಹಿ ಹಾಕುವುದೋ ಬಿಡುವುದೋ, ನಿಮ್ಮ ಮನಸ್ಸನ್ನೇ ಕೇಳಿಕೊಳ್ಳಿ.

ಇಂತಿ,
ಇನ್ನೂ ಅದೇ ಮನೆಯಲ್ಲಿರುವವಳು

ತಾ.ಕ.: ಫೋನಿನಲ್ಲಿ ಒಂದು ವಿಷಯ ಹೇಳಿರಲಿಲ್ಲ. ಕೊನೆಯ ಸಂಜೆ ಅತ್ತೆಗೆ ಕಣ್ಣು ಮಂಜಾಗಿತ್ತು. ನೀರು ಕುಡಿಸುವಾಗ ನನ್ನ ಕೈ ಹಿಡಿದು “ಬಂದ್ಯಾ ಮಗನೇ?” ಎಂದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ದನಿ ತಗ್ಗಿಸಿ, “ಬಂದೆ ಅಮ್ಮ” ಎಂದೆ. ಅವರ ಪಾಲಿಗೆ ನೀರು ಕುಡಿಸಿದ್ದು ನೀವೇ. ಸ್ವಲ್ಪ ಹೊತ್ತಿನ ಮೇಲೆ “ಇಷ್ಟು ದಿನ ಎಲ್ಲೋಗಿದ್ಯೋ?” ಎಂದು ಕೇಳಿದರು. ಅದಕ್ಕೆ ನಿಮ್ಮ ಪರವಾಗಿ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ.