ನನ್ನನ್ನು ಮಗುಚಲು ಹೊರಟವಳಿಗೆ

ನನ್ನ ಪ್ರಾಣದ ಒಡತಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಹೆಂಡತಿಗೆ ಪತ್ರ ಬರೆಯುತ್ತಾನಲ್ಲ, ಇವನಿಗೇನು ತಲೆ ಕೆಟ್ಟಿದೆಯಾ ಎಂದು ನೀನು ಗೊಣಗುವುದು ನನಗೆ ಈಗಲೇ ಕೇಳಿಸುತ್ತಿದೆ. ತಲೆ ನೆಟ್ಟಗಿದೆ ಕಣೇ, ಕೆಟ್ಟಿದ್ದು ಹೃದಯ. ಎದುರಿಗೆ ಕೂತು ಹೇಳೋಣವೆಂದರೆ, ಈ ವಿಷಯ ಎತ್ತಿದ ಕೂಡಲೇ ನೀನು ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯಲು ಎದ್ದು ಹೋಗುತ್ತೀಯ.

ಅವತ್ತು ನಮ್ಮ ಬೇಕರಿಯ ಹಿಂದಿನ ಕೋಣೆಯಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ನೋಡುವುದೆಲ್ಲಿಂದ, ಸತ್ತು ಬಿದ್ದಿದ್ದೆ! ಎಲ್ಲವೂ ನಿನ್ನ ತಂಗಿ ಉಪ್ಪುಖಾರ ಹಚ್ಚಿ ಹೇಳಿದ್ದು. ಟ್ರೇಯಲ್ಲಿ ಬನ್ನು ಜೋಡಿಸುತ್ತಿದ್ದವನು ಮಾತಿನ ಮಧ್ಯೆಯೇ ಕುಸಿದೆನಂತೆ. ಹೋದ ವರ್ಷ ಹೃದಯಾಘಾತವಾದಾಗಲೇ ಡಾಕ್ಟರು ಎಚ್ಚರಿಸಿದ್ದರಲ್ಲ: ರಕ್ತನಾಳ ಕಟ್ಟಿಕೊಂಡು, ರಕ್ತ ಸಾಲದೆ ಹೃದಯದ ಸ್ನಾಯು ಒಂದು ಕಡೆ ಸೊರಗಿದೆ, ಇಂಥ ಹೃದಯ ಯಾವತ್ತಾದರೂ ಲಯ ತಪ್ಪಿ ದಿಢೀರನೆ ನಿಂತುಬಿಡಬಹುದು ಎಂದು. ನಾನು ತಲೆಯಾಡಿಸಿ ಮರೆತೆ. ನೀನು ಮರೆಯಲಿಲ್ಲ. ಹೃದಯ ನಿಂತರೆ ಏನು ಮಾಡಬೇಕೆಂದು ನರ್ಸಮ್ಮ ಗೊಂಬೆಯ ಎದೆ ಒತ್ತಿ ತೋರಿಸಿದಾಗ, "ಏನ್ರೀ ಇದು, ಈ ವಯಸ್ಸಲ್ಲಿ ಗೊಂಬೆ ಆಟ" ಎಂದು ನಾಚಿಕೊಂಡೇ ಪೂರ್ತಿ ಕಲಿತೆ.

ಆದರೆ ಅವತ್ತು ನಿನಗೆ ನೆನಪಾದದ್ದು ಗೊಂಬೆಯಲ್ಲ, ಹಿಟ್ಟು. ತೋಳು ನೆಟ್ಟಗೆ ಮಾಡಿ, ಮೈಭಾರವೆಲ್ಲ ಬಿಟ್ಟು, ದಿನಾ ಬೆಳಿಗ್ಗೆ ನಾದುವ ಹಾಗೆಯೇ "ಹೂಂ, ಹೂಂ" ಎನ್ನುತ್ತ ಒತ್ತಿದೆಯಂತೆ. ಅಭ್ಯಾಸಬಲ ನೋಡು, ಸ್ವಲ್ಪ ಹೊತ್ತಿಗೆ ನನ್ನ ಪಕ್ಕೆಗೆ ಕೈ ಹಾಕಿ ಮಗುಚಲು ಹೊರಟೆಯಂತೆ! ಅಂಬುಲೆನ್ಸಿಗೆ ಫೋನು ಮಾಡುತ್ತಿದ್ದ ನಿನ್ನ ತಂಗಿ, "ಅಕ್ಕಾ, ಅದು ಭಾವ ಕಣೇ, ಹಿಟ್ಟಲ್ಲ! ತಿರುಗಿಸ್ಬೇಡ, ಒತ್ತು!" ಎಂದು ಕಿರುಚಿದಳಂತೆ. ಮದುವೆಯಾದಾಗಿನಿಂದ ನನ್ನನ್ನು "ರೀ" ಎಂದೇ ಕರೆದ ನೀನು, "ಏಯ್, ಎದ್ದೇಳೋ! ಒಲೆಯೊಳಗೆ ಬನ್ನು ಸೀದು ಹೋಗ್ತಿದೆ!" ಎಂದು ಗದರಿದೆಯಂತೆ. ಅಂಬುಲೆನ್ಸಿನವರು ಬಂದು ಶಾಕ್ ಕೊಟ್ಟ ಮೇಲೆ ಹೃದಯ ಮತ್ತೆ ಹೊರಟಿತು. ಬನ್ನು ಮಾತ್ರ ಕರಕಲಾಯಿತು.

ಎಲ್ಲರೂ ನಗುವ ಈ ಕತೆಗೆ ನೀನೊಬ್ಬಳೇ ನಗುವುದಿಲ್ಲ. ನನ್ನ ಪಕ್ಕೆಲುಬು ಲಟಕ್ಕೆಂದ ಸದ್ದು ನಿನ್ನ ಕಿವಿಯಲ್ಲೇ ಉಳಿದಿದೆ. ಅಂದಿನಿಂದ ನೀನು ಹಿಟ್ಟು ಮುಟ್ಟಿಲ್ಲ. ನನ್ನ ಅಂಗಿಯ ಗುಂಡಿ ಹಾಕುವಾಗಲೂ ಉಸಿರು ಬಿಗಿಹಿಡಿಯುತ್ತೀಯ. ಬೇಕರಿಯಲ್ಲಿ ನಿನ್ನ ತಂಗಿ ಬೇರೆ ಕಡೆಯಿಂದ ತರಿಸಿದ ಬ್ರೆಡ್ಡು ಮಾರುತ್ತಿದ್ದಾಳೆ, ಎದುರಂಗಡಿಯ ದರ್ಜಿ ಅದನ್ನು ಹಿಚುಕಿ ನೋಡಿ, "ಇದು ತಿನ್ನೋಕೋ, ದಿಂಬಿಗೆ ತುಂಬೋಕೋ?" ಎಂದು ಕೇಳಿದನಂತೆ. ನನ್ನ ರೋಗಕ್ಕಿಂತ ನನಗೆ ಹೆಚ್ಚು ಸಂಕಟ ಕೊಡುವುದು ಇದು. ನನ್ನನ್ನು ಉಳಿಸಿದ ಕೈಗಳಿಗೆ ನೀನೇ ಶಿಕ್ಷೆ ಕೊಡುತ್ತಿದ್ದೀಯ.

ಇವತ್ತು ಡಾಕ್ಟರ ಹತ್ತಿರ ಆ ಪಕ್ಕೆಲುಬಿನ ವಿಷಯವನ್ನೇ ಕೇಳಿದೆ. "ಗಟ್ಟಿಯಾಗಿ ಒತ್ತಿದ್ರೆ ಎಲುಬು ಮುರಿಯೋದುಂಟು. ಅವ್ರು ಮೆತ್ತಗೆ ಒತ್ತಿದ್ರೆ ನೀವು ಇಲ್ಲಿ ಕೂತು ಈ ಪ್ರಶ್ನೆ ಕೇಳ್ತಾ ಇರ್ತಿರ್ಲಿಲ್ಲ" ಎಂದು ನಕ್ಕರು. ಎಲುಬು ಕೂಡಿಕೊಂಡಿದೆ. ಸೊರಗಿದ ಸ್ನಾಯು ಪೂರ್ತಿ ಮೊದಲಿನಂತಾಗದು, ಆದರೂ ಚೆನ್ನಾಗಿ ಬಾಳಬಹುದಂತೆ. ಎದೆಯಲ್ಲಿ ಕೂರಿಸಿದ ಪುಟ್ಟ ಯಂತ್ರ ಕಾವಲಿದೆ. ಲಯ ತಪ್ಪಿದರೆ ಶಾಕ್ ಕೊಟ್ಟು ಎಬ್ಬಿಸುತ್ತದೆ. ಅದೂ ನನ್ನನ್ನು "ರೀ" ಎನ್ನುವುದಿಲ್ಲ.

ಹಗುರ ಕೆಲಸ ಮಾಡಬಹುದು ಎಂದರು. ಅದಕ್ಕೇ ಒಂದು ಬೋಗುಣಿಯಷ್ಟು ಹಿಟ್ಟು ಕಲಸಿ, ಒದ್ದೆ ಬಟ್ಟೆ ಮುಚ್ಚಿ, ಪಕ್ಕದಲ್ಲಿ ಈ ಪತ್ರ ಇಟ್ಟಿದ್ದೇನೆ. ಹಿಟ್ಟು ಗಂಟುಗಂಟಾಗಿದೆ, ನೋಡಿ ಹಣೆ ಚಚ್ಚಿಕೊಳ್ಳಬೇಡ. ಹೆದರದೆ ಒತ್ತು. ಬೇಕಾದಷ್ಟು ಗುದ್ದು. ಬಿಟ್ಟ ಮೇಲೆ ಅದು ಮತ್ತೆ ಉಬ್ಬಿ ಬರುತ್ತದೆ, ಬೇಕಾದರೆ ನನ್ನನ್ನು ಕೇಳು. ನಾನು ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ಕೂತಿದ್ದೇನೆ. ಆ "ಹೂಂ, ಹೂಂ" ಕೇಳಿಸಿದ ಕೂಡಲೇ ಎದ್ದು ಬರುತ್ತೇನೆ.

ಈ ಸಲ ನೀನು ಧಾರಾಳವಾಗಿ ಮಗುಚಬಹುದು.

ನಿನ್ನ ಕೈಗಳ ಬಲ ಎಂದೂ ಕುಂದದಿರಲಿ.

ಎದ್ದೇಳೋ ಎಂದಿದ್ದಕ್ಕೆ ಎದ್ದ,
ನಿನ್ನವನು