ಎಡಚಿಗೆ ಹತ್ತು ದಿನ

ಹಾಸ್ಟೆಲ್, ಮೇಲಿನ ಮಹಡಿ
ಫೆಬ್ರವರಿ ಒಂಬತ್ತು, ಭಾನುವಾರ

ಅಕ್ಕಾ, ನನ್ನ ಮುದ್ದಿನ ಅಕ್ಕಾ,

ನಿನ್ನ ಕಾದಂಬರಿಯನ್ನು ಸಿನಿಮಾ ಮಾಡಲು ಬಂದ ಕಂಪನಿಯವರು ಕೊಟ್ಟ ಮಾತು ಮೂರು: ನಾಯಕಿಯ ಪಾತ್ರ ನಮ್ಮ ಕಾಲೇಜಿನ ಹಾಕಿ ತಂಡದ ಹುಡುಗಿಗೇ. ಕೊಡಲಿಲ್ಲ. ಪಂದ್ಯದ ದೃಶ್ಯಗಳಲ್ಲಿ ನಾವು ನಮ್ಮ ಆಟವನ್ನೇ ಆಡುವುದು. ಆಡಲು ಬಿಡಲಿಲ್ಲ. ಬೆಳಗಿನ ಅಭ್ಯಾಸಕ್ಕೆ ಮೈದಾನ ಖಾಲಿ ಬಿಡುವುದು. ಗೋಲಿನ ಬಾಯಿಗೇ ಜನರೇಟರ್ ತಂದು ನಿಲ್ಲಿಸಿದ್ದಾರೆ.

ನೋಡು, ಸಿಟ್ಟಿನಲ್ಲಿ ನಿನ್ನ ಬೆನ್ನುನೋವು ಕೇಳುವುದನ್ನೇ ಮರೆತೆ. ಹೇಗಿದೆ? ಕೂತಲ್ಲೇ ಕೂತು ಬರೆಯಬೇಡ ಅಂದರೆ ಕೇಳುವ ಜಾತಿಯಲ್ಲ ನೀನು. ಭಾವ ಅಡುಗೆ ಕಲಿತರೋ, ಈಗಲೂ ಪಾತ್ರೆಯ ಸದ್ದು ಮಾತ್ರವೋ? ನಾನು ಗಟ್ಟಿಯಾಗಿದ್ದೇನೆ. ಫೋನ್ ಮಾಡಬಹುದಿತ್ತು, ಫೋನಿನಲ್ಲಿ ನೀನು 'ಸಮಾಧಾನ, ಸಮಾಧಾನ' ಅನ್ನುತ್ತೀಯ, ನಾನು ಕಿರುಚುತ್ತೇನೆ, ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ.

ಪಾತ್ರಕ್ಕೆಂದು ನನ್ನನ್ನು ಮೈದಾನದಲ್ಲಿ ಓಡಿಸಿದರು, ಅಳಿಸಿದರು, ನಿನ್ನ ಪುಸ್ತಕದ ಎರಡು ಪುಟ ಓದಿಸಿದರು. "ಚೆನ್ನಾಗಿದೆ, ಫೋನ್ ಮಾಡ್ತೀವಿ" ಅಂದರು. ಮಾಡಲಿಲ್ಲ. ಬಂದದ್ದು ಒಬ್ಬ ನಟಿ, ಹತ್ತೊಂಬತ್ತು ವರ್ಷ, ಎರಡು ಧಾರಾವಾಹಿ ಮಾಡಿದವಳು. ಒಂದು ಸಂಜೆಯೆಲ್ಲ ಅತ್ತುಬಿಟ್ಟೆ, ಮುಗಿಯಿತು ಅಂದುಕೊಂಡೆ. ಮರುದಿನ ಅವಳು ಸ್ಟಿಕ್ ಹಿಡಿದಳು ನೋಡು: ಬಲಗೈ ಮೇಲೆ, ಎಡಗೈ ಕೆಳಗೆ. ಅಪ್ಪಟ ಎಡಚಿ. ಹಾಕಿ ಸ್ಟಿಕ್ಕಿಗೆ ಚಪ್ಪಟೆ ಮುಖ ಇರುವುದು ಒಂದೇ ಕಡೆ, ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ ಎಂದು ನಿನ್ನ ಓದುಗರಿಗೂ ಗೊತ್ತು. ಸಿನಿಮಾದವರಿಗೆ ಗೊತ್ತಿರಲಿಲ್ಲ. ಅವಳು ಫೋನಿನ ಮುಂದಿನ ಕ್ಯಾಮೆರಾದಲ್ಲಿ ತನ್ನ ವಿಡಿಯೊ ತೆಗೆದು ಕಳಿಸಿದ್ದಳಂತೆ. ಅದರಲ್ಲಿ ಕನ್ನಡಿಯ ಹಾಗೆ ಎಡ ಬಲವಾಗಿ ಕಂಡಿತ್ತು. ಅದನ್ನೇ ನೋಡಿ ಪಾತ್ರ ಕೊಟ್ಟಿದ್ದಾರೆ ಪುಣ್ಯಾತ್ಮರು.

ತಪ್ಪಾಯಿತು ಅನ್ನಬೇಕಲ್ಲ? ನಿರ್ದೇಶಕರು ಅಂದದ್ದು, "ಆಮೇಲೆ ಪಿಕ್ಚರ್ ಉಲ್ಟಾ ಮಾಡಿದ್ರೆ ಆಯ್ತು, ಅವಳು ಸರಿಹೋಗ್ತಾಳೆ." ಅವಳು ಸರಿಹೋದರೆ ಉಳಿದವರು ಎಡಚರಾಗುತ್ತೇವಲ್ಲ? ಅದಕ್ಕೂ ಮದ್ದಿತ್ತು: "ನೀವೆಲ್ಲ ಎಡಗೈಲಿ ಆಡ್ರಮ್ಮ." ಬಡಗಿಯಿಂದ ಸ್ಟಿಕ್ಕುಗಳನ್ನು ಇನ್ನೊಂದು ಕಡೆಗೆ ಕೆತ್ತಿಸಿದರು. ದರ್ಜಿಯಿಂದ ಅಂಗಿಯ ಮೇಲಿನ ಅಂಕಿಗಳನ್ನು ತಿರುವುಮುರುವಾಗಿ ಹೊಲಿಸಿದರು. ನಮ್ಮ ಗೋಲ್‌ಕೀಪರ್ ಇದ್ದಾಳಲ್ಲ, ನಾವು ಗೋಡೆ ಅಂತ ಕರೆಯುವವಳು, "ಸರ್, ಊಟಾನೂ ಉಲ್ಟಾ ಬಡಿಸ್ತೀರಾ?" ಅಂದಳು. ನಕ್ಕೆವು. ಆ ನಗು ಮಧ್ಯಾಹ್ನದವರೆಗೂ ಬಾಳಲಿಲ್ಲ. ಅಭ್ಯಾಸವಿಲ್ಲದ ಕಡೆಯಿಂದ ಬೀಸಿದ ಸ್ಟಿಕ್ ನಮ್ಮ ಚಿಕ್ಕವಳ ಕಣಕಾಲಿಗೆ ಬಡಿಯಿತು. ಕಾಲು ಬೂಟಿನೊಳಗೆ ಹೋಗದಷ್ಟು ಊದಿದೆ. ಮುಂದಿನ ತಿಂಗಳು ಟೂರ್ನಮೆಂಟ್. ವರ್ಷಗಟ್ಟಲೆ ತಿದ್ದಿದ ಕೈಗಳನ್ನು ಕೆಡಿಸಿಕೊಂಡು ಆಡಲು ಹೋಗಬೇಕೆ? ಯಾರ ತಪ್ಪಿಗೆ ಯಾರ ಕೈ ತಿರುಗಬೇಕು? ಸ್ಟಿಕ್ಕುಗಳನ್ನು ಮೈದಾನದ ನಡುಗೆರೆಯ ಮೇಲಿಟ್ಟು ಕೂತುಬಿಟ್ಟೆವು.

ಆಗ ಆ ಹುಡುಗಿ ಬಂದಳು. "ಬಂದ್ರು ನೋಡ್ರೇ ಮಹಾರಾಣಿ" ಎಂದು ಯಾರೋ ಚುಚ್ಚಿದರು. ಅವಳು ನಮ್ಮ ಜೊತೆ ನೆಲದಲ್ಲೇ ಕೂತಳು. "ನನ್ನನ್ನ ಯಾರೂ ಒಂದು ಮಾತೂ ಕೇಳ್ಲಿಲ್ಲ. ಬಲಗೈ ಹಿಡಿತ ನಾನೇ ಕಲೀತೀನಿ. ಹತ್ತು ದಿನ ಕೊಡ್ಸಿ" ಅಂದಳು. ಅಂದಿನಿಂದ ಪ್ರತಿ ಸಂಜೆ ಹಾಸ್ಟೆಲಿನ ಹಿಂದಿನ ಸಿಮೆಂಟಿನ ಅಂಗಳದಲ್ಲಿ ನಾನೇ ಕಲಿಸುತ್ತಿದ್ದೇನೆ. ಅಂಗೈಯೆಲ್ಲ ಬೊಬ್ಬೆ, ಆದರೂ ಬಾಯಿ ಜೋರು. "ನಿನ್ನ ಆಡಿಷನ್ ನೋಡ್ದೆ ಕಣೇ, ಓಡೋದು ಚಂದ, ಅಳೋದು ಮಾತ್ರ ಸುಳ್ಳು" ಅಂದಳು. ಹೊಡೆಯಬೇಕು ಅನ್ನಿಸಿತು. ನಿಜ ಹೇಳಿದ್ದಳು, ಬಿಟ್ಟೆ.

ನಮ್ಮ ಬೇಡಿಕೆ ಒಂದೇ: ಅವಳಿಗೆ ಹತ್ತು ದಿನ, ನಮಗೆ ನಮ್ಮ ಕೈ. ಕಂಪನಿಗೆ ಹತ್ತು ದಿನ ಇಲ್ಲವಂತೆ. ಪ್ರೀತಿ ಮಾಡಲು ನಿನ್ನ ನಾಯಕಿಗೆ ಮುನ್ನೂರು ಪುಟ ಕೊಟ್ಟೆ ನೀನು; ಸ್ಟಿಕ್ ಹಿಡಿಯಲು ಈ ಹುಡುಗಿಗೆ ಹತ್ತು ದಿನ ಇಲ್ಲ.

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಲೆಕ್ಕದಲ್ಲಿ ಮುತ್ತು. ನೀನು ಎದ್ದು ನಾಲ್ಕು ಹೆಜ್ಜೆ ನಡೆ.

ನಿನ್ನ ಜಗಳಗಂಟಿ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ಸಿನಿಮಾ ಕಂಪನಿಯ ಮ್ಯಾನೇಜರ್ ನನ್ನೊಬ್ಬಳನ್ನೇ ಕರೆದು ಹೇಳಿದ: "ಅವಳಿಗೆ ಸ್ಟಿಕ್ ಹಿಡಿಯೋಕೆ ಬರಲ್ಲ ಅಂತ ಹೇಳಿ ಕಳಿಸಿಬಿಡ್ತೀವಿ. ಪಾತ್ರ ನಿಂದೇ. ನಿಮ್ಮ ತಂಡದ ಜೊತೆ ಸಭೆ ಇದೆಯಲ್ಲ, ಅಲ್ಲಿ ಹೂಂ ಅನ್ನು, ಸಾಕು." ಆಗ ತಂಡದ ಕೈ ಉಳಿಯುತ್ತದೆ, ನನಗೆ ಪಾತ್ರ ಬರುತ್ತದೆ, ಕಂಪನಿಯ ತಪ್ಪು ಮಾತ್ರ ಆ ಹುಡುಗಿಯ ಹಣೆಗೆ. ತಂಡಕ್ಕೆ ಹೇಳಿದೆ. "ನೀನೇನಂದೆ?" ಅಂತ ಗೋಡೆ ಕೇಳಿದಳು. ನಾನು ಏನೂ ಅಂದಿರಲಿಲ್ಲ ಅಕ್ಕಾ. ನನಗೆ ಆ ಪಾತ್ರ ಬೇಕು, ಈಗಲೂ ಬೇಕು. ಎಲ್ಲರ ಮುಂದೆ ಮತ್ತೆ ಕೇಳಿದರೆ ಬಾಯಿಂದ ಏನು ಬರುತ್ತದೋ ನನಗೇ ನಂಬಿಕೆಯಿಲ್ಲ. ಪುಸ್ತಕ ನಿನ್ನದು, ನಿನ್ನ ಮಾತು ನಡೆಯುತ್ತದೆ. ಬಂದು ನನ್ನ ಪಕ್ಕದಲ್ಲಿ ಕೂರು. ನಾನು ಬಾಯಿ ತೆರೆಯುವ ಮೊದಲು ಆ ಹತ್ತು ದಿನ ಕೇಳಿಬಿಡು. ಮೈದಾನದ ಗ್ಯಾಲರಿಯ ಕೆಳಗೆ ಸಭೆ. ಗುರುವಾರ, ಸಂಜೆ ನಾಲ್ಕು ಗಂಟೆ.