ಎಡಗೆನ್ನೆಯ ಮೂಳೆ

ಪುಣೆ

ಶಿವಯೋಗಿ ಅವರಿಗೆ,

ನಿಶ್ಚಿತಾರ್ಥ ಮುಗಿದ ಮರುವಾರ ಕಾತ್ರಜ ಘಾಟಿನಲ್ಲಿ ಬೈಕು ಓಡಿಸುತ್ತಿದ್ದವರು ನೀವು. ಹಿಂದೆ ಕೂತಿದ್ದವಳು ನಾನು. ಬಿದ್ದಾಗ ನಿಮ್ಮ ಮೊಣಕೈ ತರಚಿತು, ನನ್ನ ಎಡಗೆನ್ನೆಯ ಮೂಳೆ ಪುಡಿಯಾಯಿತು. ಆಸ್ಪತ್ರೆಗೆ ಒಮ್ಮೆ ಬಂದಿರಿ, ನನ್ನ ಮುಖ ನೋಡಿ ಹೊರಟುಹೋದಿರಿ. ಮರುದಿನವೇ ನಿಮ್ಮ ತಾಯಿ ಉಂಗುರ ವಾಪಸು ಕೇಳಿದರು.

ಈಗ ಡಾಕ್ಟರು ಸ್ಕ್ಯಾನ್ ಮಾಡಿ, ಬಲಗೆನ್ನೆಯ ಅಳತೆಗೆ ಹೊಂದುವಂತೆ ಟೈಟೇನಿಯಂ ಮೂಳೆ ಮಾಡಿಸಿ ಕೂರಿಸಿದ್ದಾರೆ. ಸುದ್ದಿ ನಿಮ್ಮ ಮನೆಗೂ ಮುಟ್ಟಿದೆ. ನಿನ್ನೆ ನಿಮ್ಮ ತಾಯಿ ಅಪ್ಪನಿಗೆ ಫೋನು ಮಾಡಿ, "ಹುಡುಗಿ ಮೊದ್ಲಿನಂಗ ಚಂದ ಕಾಣ್ತಾಳಂತಲ್ರೀ, ಐತವಾರ ಮದುವಿ ಮಾತಾಡಾಕ ಬರ್ತೀವ್ರಿ" ಎಂದರು. ಅಪ್ಪ ಖುಷಿಯಿಂದ ಅತ್ತುಬಿಟ್ಟರು. ಅವರೆದುರು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ದಯವಿಟ್ಟು ಈ ಸಲವೂ ನೀವೇ ಬೇಡ ಎಂದುಬಿಡಿ. ಹೋದ ಸಲ ನಿಮಗದು ಕಷ್ಟವಾಗಿರಲಿಲ್ಲ.

ಇತಿ,
ದಾಕ್ಷಾಯಣಿ